ಸೈಕಲ್ಲಿಗೆ ಉಳಿದ ದಾರಿ

ಪುತ್ತೂರಿನ ದರ್ಬೆಯಿಂದ ಕಾಣಿಯೂರು ರಸ್ತೆ ಹಿಡಿದು ಆರೇಳು ಕಿಲೋಮೀಟರ್ ಸಾಗಿದರೆ ನರಿಮೊಗರು ಸಿಗುತ್ತದೆ. ಮುಕ್ವೆ, ಪುರುಷರಕಟ್ಟೆಗಳ ಮೂಲಕ ಹೋಗುವ ಈ ರಸ್ತೆಗೆ ಹಗಲಿಡೀ ಬಿಡುವಿಲ್ಲ. ಸವಣೂರು, ಕಾಣಿಯೂರು, ಪಂಜಗಳ ಬಸ್ಸುಗಳು, ಸುಬ್ರಹ್ಮಣ್ಯಕ್ಕೆ ಹೋಗುವ ಯಾತ್ರಿಕರ ಕಾರುಗಳು, ಕೆಂಪುಕಲ್ಲು ಹೇರಿದ ಲಾರಿಗಳು, ಜೀಪು, ರಿಕ್ಷಾಗಳು ಒಂದರ ಹಿಂದೊಂದು ಬರುತ್ತಲೇ ಇರುತ್ತವೆ. ಇಲ್ಲಿ ಸೈಕಲ್ಲು ತುಳಿಯುವವನ ಕಣ್ಣು ಮುಂದಿದ್ದರೂ ಕಿವಿ ಮಾತ್ರ ಸದಾ ಹಿಂದೆಯೇ ಇರಬೇಕಾಗುತ್ತದೆ.

ಅದೇ ರಸ್ತೆಯಿಂದ ಶಾಂತಿಗೋಡಿನ ಕಡೆಗೋ ಮುಂಡೂರಿನ ಕಡೆಗೋ ಒಳಕ್ಕೆ ತಿರುಗಿ ಒಂದು ಏರು, ಒಂದು ಇಳಿತ ದಾಟಿದರೆ ಲೋಕವೇ ಬೇರೆ. ರಸ್ತೆಯ ಅಗಲ ಹತ್ತು ಅಡಿಗೆ ಇಳಿಯುತ್ತದೆ. ಒಂದು ಬದಿಯಲ್ಲಿ ಕೆಂಪು ಮಣ್ಣಿನ ದರೆ, ಇನ್ನೊಂದು ಬದಿಯಲ್ಲಿ ಕೆಳಗೆ ಅಡಿಕೆ ತೋಟ. ಅಲ್ಲಲ್ಲಿ ಗೇರು, ರಬ್ಬರು. ಸೈಕಲ್ಲಿನ ಸರಪಳಿಯ ಸದ್ದು ತುಳಿಯುವವನಿಗೆ ಕೇಳಿಸತೊಡಗಿದರೆ ದಾರಿ ನಿಜಕ್ಕೂ ಸದ್ದಿಲ್ಲದ್ದು ಎಂದು ತಿಳಿಯಬಹುದು. ದೊಡ್ಡ ರಸ್ತೆಯಲ್ಲಿ ಆ ಸದ್ದು ಇಲ್ಲವೆಂದಲ್ಲ, ಕೇಳಿಸುವುದಿಲ್ಲ ಅಷ್ಟೆ.

ಇಂಥ ದಾರಿಗಳನ್ನು ಕಂಡಾಗ ಪ್ರಕೃತಿಯ ಮಡಿಲು ಎಂದು ಹಾಡಿ ಹೊಗಳುವುದು ಸುಲಭ. ಆದರೆ ರಸ್ತೆಯ ಮೌನ ಪ್ರಕೃತಿ ಕೊಟ್ಟದ್ದಲ್ಲ. ವಾಹನಗಳು ಬೇರೆ ಕಡೆ ಹೋಗಲು ಕಾರಣವಿದ್ದಾಗ ಮಾತ್ರ ಒಂದು ದಾರಿಗೆ ಮೌನ ದೊರೆಯುತ್ತದೆ. ಆ ಕಾರಣ ತಪ್ಪಿದ ದಿನ ಮೌನವೂ ಹೋಗುತ್ತದೆ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಒಳದಾರಿಗಳ ಮಟ್ಟಿಗೆ ಆ ಕಾರಣ ಕಣ್ಣೆದುರಿಗೇ ಇದೆ. ಉತ್ತರದಲ್ಲಿ ಉಪ್ಪಿನಂಗಡಿ, ನೆಲ್ಯಾಡಿಗಳ ಮೂಲಕ ಶಿರಾಡಿ ಘಾಟಿಗೆ ಹೋಗುವ ಬೆಂಗಳೂರು ಹೆದ್ದಾರಿ. ದಕ್ಷಿಣದಲ್ಲಿ ಪುತ್ತೂರು, ಸುಳ್ಯ, ಸಂಪಾಜೆಗಳ ಮೂಲಕ ಮಡಿಕೇರಿಗೆ ಏರುವ ಮಾಣಿ–ಮೈಸೂರು ಹೆದ್ದಾರಿ. ಘಟ್ಟ ಹತ್ತುವ ಭಾರವನ್ನೆಲ್ಲ ಈ ಎರಡು ಹೆದ್ದಾರಿಗಳು ಹೊರುತ್ತವೆ. ಅವುಗಳ ನಡುವಿನ ತ್ರಿಕೋನದಂಥ ಸೀಮೆಯಲ್ಲಿ ಸ್ಥಳೀಯರ ಓಡಾಟ ಮತ್ತು ಸುಬ್ರಹ್ಮಣ್ಯದ ಯಾತ್ರಿಕರು, ಇಷ್ಟೇ. 2018ರ ಮಳೆಗಾಲದಲ್ಲಿ ಕೊಡಗಿನ ಭೂಕುಸಿತದಿಂದ ಸಂಪಾಜೆಯ ದಾರಿ ಮುಚ್ಚಿದಾಗ, ಶಿರಾಡಿಯಲ್ಲೂ ಗುಡ್ಡ ಜರಿದಾಗ, ಈ ಭಾಗದವರಿಗೆ ಹೆದ್ದಾರಿಯ ಬೆಲೆ ತಿಳಿಯಿತು. ಒಳರಸ್ತೆಯ ಬೆಲೆಯೂ ತಿಳಿಯಬೇಕಾಗಿತ್ತು.

ಇನ್ನೊಂದು ಕಾರಣ ತುಳುನಾಡಿನ ಊರುಗಳ ರಚನೆಯಲ್ಲಿದೆ. ಬಯಲುಸೀಮೆಯಲ್ಲಿ ಊರೆಂದರೆ ಒತ್ತಾಗಿ ಕಟ್ಟಿದ ಮನೆಗಳ ಗುಂಪು. ಅದರ ಸುತ್ತ ಹೊಲ. ಒಂದೂರಿನಿಂದ ಇನ್ನೊಂದೂರಿಗೆ ಒಂದೋ ಎರಡೋ ದಾರಿ. ಇಲ್ಲಿ ಹಾಗಲ್ಲ. ಗುಡ್ಡದ ಬುಡದಲ್ಲಿ, ತೋಟದ ತಲೆಯಲ್ಲಿ, ಒರತೆ ಇದ್ದಲ್ಲಿ ಒಂದೊಂದು ಮನೆ. ಮನೆಯಿಂದ ಮನೆಗೆ, ಮನೆಯಿಂದ ದೈವಸ್ಥಾನಕ್ಕೆ, ಶಾಲೆಗೆ, ಹಾಲಿನ ಸೊಸೈಟಿಗೆ ಕಾಲುದಾರಿ. ಹೀಗಾಗಿ ನಕ್ಷೆಯಲ್ಲಿ ಒಂದು ಗೆರೆ ಕಾಣುವಲ್ಲಿ ನೆಲದ ಮೇಲೆ ಹತ್ತು ದಾರಿಗಳಿರುತ್ತವೆ. ಕಾಲುದಾರಿ ಮೊದಲು ಗಾಡಿದಾರಿಯಾಗಿ, ಬಳಿಕ ಜೀಪು ಹೋಗುವ ಮಣ್ಣಿನ ರಸ್ತೆಯಾಗಿ, ಆಮೇಲೆ ಡಾಮರು ಕಂಡು, ಈಗ ಕಾಂಕ್ರೀಟು ಕಂಡಿದೆ. ಬಲೆಯಂತೆ ಹರಡಿದ ಇಂಥ ದಾರಿಗಳಲ್ಲಿ ವಾಹನಗಳು ಹಂಚಿಹೋಗುತ್ತವೆ. ಒಂದೊಂದರ ಪಾಲಿಗೆ ಬರುವುದು ಬಹಳ ಕಡಿಮೆ.

ಹಳೆಯ ಓಣಿಗಳನ್ನು ಕಂಡವರಿಗೆ ಇನ್ನೊಂದು ಸಂಗತಿ ಗೊತ್ತಿರುತ್ತದೆ. ಎರಡೂ ಬದಿ ಆಳೆತ್ತರದ ಮಣ್ಣಿನ ದರೆ, ಮೇಲೆ ಮರಗಳ ಕೊಂಬೆ ಕೂಡಿ ಆದ ಚಪ್ಪರ, ನಡುವೆ ಇಬ್ಬರು ನಡೆಯುವಷ್ಟು ದಾರಿ. ನೂರಾರು ವರ್ಷಗಳ ಕಾಲ ಜನ, ದನ ನಡೆದು, ಮಳೆಯ ನೀರು ಹರಿದು ದಾರಿ ತಾನೇ ತಗ್ಗಿಹೋದದ್ದು. ವರ್ಷಕ್ಕೆ ಮೂರೂವರೆ–ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವಲ್ಲಿ ಓಣಿ ಅರ್ಧ ವರ್ಷ ದಾರಿ, ಅರ್ಧ ವರ್ಷ ತೋಡು. ಇಂಥದ್ದೇ ಓಣಿಗಳು ಇಂಗ್ಲೆಂಡಿನ ಡೆವನ್, ಡಾರ್ಸೆಟ್ ಪ್ರಾಂತ್ಯಗಳಲ್ಲಿ ಹೇರಳವಾಗಿವೆ. ಅಲ್ಲಿಯವರು ಅವನ್ನು ಟೊಳ್ಳುದಾರಿ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಗಾಡಿಯ ಚಕ್ರ, ದನದ ಗೊರಸು, ಮಳೆಯ ನೀರು, ಮೆದು ಕಲ್ಲು ಇವು ಸೇರಿದಲ್ಲಿ ಜಗತ್ತಿನ ಯಾವ ಮೂಲೆಯಲ್ಲಾದರೂ ಓಣಿ ಹುಟ್ಟುತ್ತದೆ. ಸಾವಿರಾರು ಮೈಲಿ ದೂರದ ಆ ದೇಶದ ಕತೆ ಇಲ್ಲಿ ಹೇಳಬೇಕಾದದ್ದು ಈ ಹೋಲಿಕೆಗಾಗಿ ಮಾತ್ರವಲ್ಲ. ಸೈಕಲ್ಲಿಗೆಂದು ಸದ್ದಿಲ್ಲದ ಹಳ್ಳಿದಾರಿಗಳನ್ನು ಹುಡುಕಿ, ಗುರುತು ಹಾಕಿ, ಹೆಸರು ಕೊಟ್ಟು, ಕೊನೆಗೆ ಅವುಗಳಲ್ಲಿ ಒಂದಷ್ಟನ್ನು ಕಳೆದುಕೊಂಡ ಅನುಭವ ಇಂಗ್ಲೆಂಡಿಗಿದೆ.

ಆ ಕತೆ ಸೈಕಲ್ಲಿಗಿಂತ ಹಳೆಯದು. 1555ರ ಒಂದು ಕಾನೂನು ರಸ್ತೆ ದುರಸ್ತಿಯ ಹೊಣೆಯನ್ನು ಪ್ರತಿ ಊರಿನ ಚರ್ಚಿನ ಹಳ್ಳಿಕೂಟಕ್ಕೆ ಒಪ್ಪಿಸಿತು. ಊರಿನವರು ವರ್ಷಕ್ಕೆ ನಾಲ್ಕು ದಿನ ಕೂಲಿಯಿಲ್ಲದೆ ದುಡಿಯಬೇಕು. ನಮ್ಮ ಬಿಟ್ಟಿ ಕೆಲಸದಂತೆಯೇ. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಮುಖ್ಯ ರಸ್ತೆಗಳಿಗೆ ಸುಂಕದ ಕಟ್ಟೆ ಹಾಕಿ ಆ ಹಣದಿಂದ ಅವನ್ನು ಸರಿಪಡಿಸುವ ಮಂಡಳಿಗಳು ಬಂದವು. ದೂರದ ಗಾಡಿಗಳೆಲ್ಲ ಆ ಒಳ್ಳೆಯ ರಸ್ತೆ ಸೇರಿದವು. ಹಳ್ಳಿಯ ಓಣಿಗಳು ಹಳ್ಳಿಯವರಿಗೇ ಉಳಿದವು. 1840ರ ದಶಕದಲ್ಲಿ ರೈಲು ಬಂದಾಗ ಸುಂಕದ ರಸ್ತೆಗಳೂ ಬರಿದಾದವು. ಕುದುರೆಗಾಡಿಗಳ ಕಂಪೆನಿಗಳು ಮುಳುಗಿದವು, ದಾರಿಬದಿಯ ಛತ್ರಗಳು ಬಾಗಿಲು ಹಾಕಿದವು. ದೇಶದ ಉದ್ದಗಲಕ್ಕೆ ಖಾಲಿ ರಸ್ತೆಗಳು ಬಿದ್ದುಕೊಂಡವು.

ಈ ಖಾಲಿ ರಸ್ತೆಗಳ ಮೇಲೆ ಸೈಕಲ್ಲು ಬಂತು. 1878ರಲ್ಲಿ ಹ್ಯಾರೊಗೇಟ್ ಎಂಬಲ್ಲಿ ಸೈಕಲ್ ಪ್ರವಾಸಿಗರ ಸಂಘವೊಂದು ಹುಟ್ಟಿತು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎಂಬಾತ ಈಗಿನ ಸೈಕಲ್ಲುಗಳ ಮೂಲರೂಪವೆನ್ನಬಹುದಾದ, ಎರಡು ಚಕ್ರಗಳೂ ಹೆಚ್ಚು ಕಡಿಮೆ ಒಂದೇ ಗಾತ್ರದಲ್ಲಿದ್ದ 'ರೋವರ್' ಸೈಕಲ್ಲನ್ನು ಮಾರುಕಟ್ಟೆಗೆ ತಂದ. 1888ರಲ್ಲಿ ಡನ್‌ಲಪ್ ಗಾಳಿಯ ಟಯರಿಗೆ ಪೇಟೆಂಟು ಪಡೆದ. ಸವಾರರ ಸಂಘ ಕಡಿದಾದ ಇಳಿತಗಳಲ್ಲಿ ಅಪಾಯದ ಫಲಕ ನೆಟ್ಟಿತು; ಒಪ್ಪಿದ ದರದಲ್ಲಿ ಸದಸ್ಯರಿಗೆ ಊಟ, ವಸತಿ ಕೊಡುವ ಛತ್ರಗಳ ಗೋಡೆಗೆ ರೆಕ್ಕೆಯ ಚಕ್ರದ ಗುರುತು ಹೊಡೆಯಿತು. ಮುಚ್ಚಿದ ಎಷ್ಟೋ ಛತ್ರಗಳಿಗೆ ಸೈಕಲ್ ಸವಾರರಿಂದ ಮತ್ತೆ ಜೀವ ಬಂತು.

ಆದರೆ ರಸ್ತೆಗಳು ಹಾಳಾಗಿದ್ದವಲ್ಲ. 1886ರಲ್ಲಿ ಸೈಕಲ್ ಸಂಘಗಳೇ ಸೇರಿ ರಸ್ತೆ ಸುಧಾರಣಾ ಸಂಘವನ್ನು ಕಟ್ಟಿದವು. ಕರಪತ್ರ ಹಂಚಿದವು, ಅಧಿಕಾರಿಗಳ ಬೆನ್ನು ಹತ್ತಿದವು, ಒಳ್ಳೆಯ ರಸ್ತೆ ಬೇಕೆಂದು ಕೂಗಿದವು. ಆ ಸಂಘದಲ್ಲಿ ದುಡಿದ ರೀಸ್ ಜೆಫ್ರಿಸ್ ಎಂಬ ಸೈಕಲ್ ಸವಾರನೇ 1910ರಲ್ಲಿ ಸರಕಾರದ ರಸ್ತೆ ಮಂಡಳಿಯ ಕಾರ್ಯದರ್ಶಿಯಾದ. ಧೂಳಿಲ್ಲದ ನುಣುಪಾದ ರಸ್ತೆ ಕೊನೆಗೂ ಬಂತು; ಆದರೆ ಅದರ ಮೇಲೆ ಬಂದದ್ದು ಮೋಟಾರು. ಕೇಳಿದವರು ಸೈಕಲ್ಲಿನವರು, ಪಡೆದವರು ಕಾರಿನವರು. ಇಪ್ಪತ್ತನೆಯ ಶತಮಾನದ ಮೊದಲ ಕೆಲವು ದಶಕಗಳಲ್ಲೇ ಸೈಕಲ್ಲಿನವರು ತಾವೇ ಸುಧಾರಿಸಿಕೊಂಡ ಮುಖ್ಯ ರಸ್ತೆಗಳನ್ನು ಬಿಟ್ಟು ಹಳ್ಳಿಯ ಓಣಿಗಳಿಗೆ ಸರಿಯಬೇಕಾಯಿತು. ಇದರಲ್ಲಿ ಅವರಿಗೆ ನೆರವಾದದ್ದು ಬಾರ್ತಲೋಮ್ಯೂ ಕಂಪೆನಿಯ ನಕ್ಷೆ. ಎರಡು ಮೈಲಿಗೆ ಒಂದು ಅಂಗುಲದ ಅಳತೆಯ ಆ ನಕ್ಷೆಗಳನ್ನು ತಿದ್ದಲು ಕಂಪೆನಿ ಸೈಕಲ್ ಸಂಘದ ಸದಸ್ಯರ ವರದಿಗಳನ್ನೇ ಬಳಸುತ್ತಿತ್ತು. ಮಡಚಿ ಜೇಬಿಗೆ ಹಾಕಿಕೊಂಡರೆ ಮುಖ್ಯ ರಸ್ತೆಯನ್ನು ಮುಟ್ಟದೆ ದೇಶ ಸುತ್ತಬಹುದಿತ್ತು.

ಎರಡನೆಯ ಮಹಾಯುದ್ಧದ ಬಳಿಕ ಓಣಿಗಳಿಗೂ ಕಾರು ಬಂತು. 1977ರಲ್ಲಿ ಬ್ರಿಸ್ಟಲ್ ನಗರದಲ್ಲಿ ಸೈಕಲ್ ಪ್ರಿಯರ ಗುಂಪೊಂದು ಹುಟ್ಟಿ, ಮುಂದೆ ಸಸ್ಟ್ರಾನ್ಸ್ ಎಂಬ ಹೆಸರು ಪಡೆದು, ಬ್ರಿಸ್ಟಲ್–ಬಾತ್ ನಗರಗಳ ನಡುವೆ ರೈಲು ನಿಂತುಹೋಗಿದ್ದ ಹಳಿಯ ದಾರಿಯನ್ನು 1979ರಿಂದ 1986ರವರೆಗೆ ಸೈಕಲ್ ಹಾದಿಯಾಗಿ ಮಾಡಿತು. ನಮ್ಮಲ್ಲಿ ಹಾಗೆ ಬಿಟ್ಟುಹೋದ ಹಳಿ ಇಲ್ಲ. ನರಿಮೊಗರಿನ ಪುಟ್ಟ ನಿಲ್ದಾಣದ ಮೂಲಕ ಹೋಗುವ ಮಂಗಳೂರು–ಹಾಸನ ಮಾರ್ಗ 1979ರಲ್ಲಿ ಪೂರ್ಣಗೊಂಡು, ಬ್ರಾಡ್‌ಗೇಜ್ ಮಾಡಲೆಂದು 1996ರಲ್ಲಿ ನಿಂತು, ಪ್ರಯಾಣಿಕರಿಗೆ 2007ರ ಡಿಸೆಂಬರಿನಲ್ಲಿ ಮತ್ತೆ ತೆರೆದುಕೊಂಡದ್ದು ಹಳೆಯ ಜಾಡಿನಲ್ಲೇ.

1995ರಲ್ಲಿ ರಾಷ್ಟ್ರೀಯ ಲಾಟರಿಯಿಂದ 4 ಕೋಟಿ ಪೌಂಡಿಗೂ ಹೆಚ್ಚು ಹಣ ದೊರೆತಾಗ ಅದೇ ಸಂಸ್ಥೆ ಇಡೀ ಬ್ರಿಟನ್ನಿಗೆ ಸೈಕಲ್ ದಾರಿಗಳ ಜಾಲ ನೇಯಲು ಹೊರಟಿತು. ಎಲ್ಲ ಕಡೆಯೂ ಹೊಸ ದಾರಿ ಕಟ್ಟುವುದು ಸಾಧ್ಯವಿರಲಿಲ್ಲವಾಗಿ ಜಾಲದ ದೊಡ್ಡ ಪಾಲು ವಾಹನ ಕಡಿಮೆಯಿದ್ದ ಹಳ್ಳಿರಸ್ತೆಗಳ ಮೇಲೆಯೇ ಹಾದುಹೋಯಿತು. ನೀಲಿ ಫಲಕ, ಮೇಲೆ ಒಂದು ಸಂಖ್ಯೆ, ಅಷ್ಟೆ. ಸರಕಾರವೂ ಹಿಂದೆ ಬೀಳಲಿಲ್ಲ. 2000ದ ಸಾರಿಗೆ ಕಾಯಿದೆ 'ಸದ್ದಿಲ್ಲದ ಓಣಿ' ಎಂದು ಹಳ್ಳಿರಸ್ತೆಗಳನ್ನು ಘೋಷಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿತು. 2006ರ ಮಾರ್ಗಸೂಚಿಯ ಪ್ರಕಾರ ದಿನಕ್ಕೆ ಸುಮಾರು 1000ಕ್ಕಿಂತ ಕಡಿಮೆ ವಾಹನ, ಗಂಟೆಗೆ 35 ಮೈಲಿಗಿಂತ ಕಡಿಮೆ ವೇಗ ಇರುವ ದಾರಿ ಇದಕ್ಕೆ ತಕ್ಕದ್ದು.

ಆದರೆ ಫಲಕ ಹಾಕಿದ ಮಾತ್ರಕ್ಕೆ ಕಾರು ನಿಲ್ಲುವುದಿಲ್ಲ. ದಾರಿ ತೋರಿಸುವ ಯಂತ್ರಗಳು ಕಾರಿನೊಳಗೆ ಬಂದ ಮೇಲೆ, ಮುಖ್ಯ ರಸ್ತೆಯಲ್ಲಿ ಐದು ನಿಮಿಷ ಉಳಿಯುವುದಾದರೆ ಅವು ಯಾವ ಓಣಿಗಾದರೂ ಕಾರನ್ನು ನುಗ್ಗಿಸತೊಡಗಿದವು. ಹತ್ತು ಅಡಿ ಅಗಲದ ಓಣಿಗೂ ಇಂಗ್ಲೆಂಡಿನಲ್ಲಿ ಸಾಮಾನ್ಯ ವೇಗಮಿತಿ ಗಂಟೆಗೆ 60 ಮೈಲಿ, ಅಂದರೆ 96 ಕಿಲೋಮೀಟರ್ ಎಂಬುದು ಕೇಳಿದವರಿಗೆ ನಂಬಲು ಕಷ್ಟವಾಗುವ ಸಂಗತಿ. 2018ರಲ್ಲಿ ತನ್ನ ಜಾಲವನ್ನು ತಾನೇ ಪರಿಶೀಲಿಸಿದ ಸಂಸ್ಥೆ, 2020ರಲ್ಲಿ ಅದರ ನಾಲ್ಕರಲ್ಲಿ ಸುಮಾರು ಒಂದು ಪಾಲನ್ನು ಪಟ್ಟಿಯಿಂದ ತೆಗೆದುಹಾಕಿತು ಇಲ್ಲವೇ ಬೇರೆ ವರ್ಗಕ್ಕೆ ಸೇರಿಸಿತು. ಇಪ್ಪತ್ತೈದು ವರ್ಷಗಳ ಹಿಂದೆ ಸದ್ದಿಲ್ಲದೆ ಇದ್ದ ದಾರಿಗಳಲ್ಲಿ ಮಕ್ಕಳನ್ನು ಬಿಡುವುದು ಕ್ಷೇಮವಲ್ಲ ಎಂದು ಒಪ್ಪಿಕೊಂಡದ್ದು ಪ್ರಾಮಾಣಿಕ ಕೆಲಸವೇ ಸರಿ. ನೆರೆಯ ಐರ್ಲೆಂಡ್ 2025ರ ಫೆಬ್ರವರಿಯಲ್ಲಿ ಇಂಥ ರಸ್ತೆಗಳ ವೇಗಮಿತಿಯನ್ನು ಗಂಟೆಗೆ 80 ಕಿಲೋಮೀಟರಿನಿಂದ 60ಕ್ಕೆ ಇಳಿಸಿತು.

ಈಗ ಮತ್ತೆ ನರಿಮೊಗರಿಗೆ. ಇಲ್ಲಿನ ಒಳದಾರಿಗಳಿಗೆ ನೀಲಿ ಫಲಕವಿಲ್ಲ, ಸಂಖ್ಯೆಯಿಲ್ಲ, ಕಾಯಿದೆಯಿಲ್ಲ. ಆದರೆ ಲೆಕ್ಕವೊಂದು ಇದೆ. 2000ದ ಡಿಸೆಂಬರ್ 25ರಂದು ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಹಳ್ಳಿರಸ್ತೆಯ ಡಾಮರಿನ ಅಗಲ ಸಾಮಾನ್ಯವಾಗಿ 3.75 ಮೀಟರ್, ದಿನಕ್ಕೆ 100ಕ್ಕಿಂತ ಕಡಿಮೆ ಮೋಟಾರು ವಾಹನ ಓಡುವ ಕಡೆ 3 ಮೀಟರ್ ಸಾಕು ಎಂಬುದು ನಿಯಮ. ಇಂಗ್ಲೆಂಡಿನಲ್ಲಿ ಮೌನದ ಮಿತಿ 1000 ಆದರೆ ನಮ್ಮಲ್ಲಿ ಅದರ ಹತ್ತರಲ್ಲೊಂದು. ನಮ್ಮ ನಿಯಮ ಮಾಡಿದವರ ಮನಸ್ಸಿನಲ್ಲಿ ಸೈಕಲ್ಲಾಗಲಿ ಮೌನವಾಗಲಿ ಇರಲಿಲ್ಲ, ಖರ್ಚಿನ ಉಳಿತಾಯವಿತ್ತು. ಆದರೂ ಈ ಮುಕ್ಕಾಲು ಮೀಟರಿನ ವ್ಯತ್ಯಾಸ ಸವಾರನ ಮಟ್ಟಿಗೆ ದೊಡ್ಡದು.

ಹೇಗೆಂದು ನೋಡಬಹುದು. ಕಾರಿನ ಅಗಲ ಸುಮಾರು 1.8 ಮೀಟರ್. ಮೂರು ಮೀಟರಿನ ರಸ್ತೆಯಲ್ಲಿ ಅದು ಸೈಕಲ್ಲನ್ನು ದಾಟಬೇಕಾದರೆ ಉಳಿಯುವುದು 1.2 ಮೀಟರ್. ಓಲಾಡುವ ಸೈಕಲ್ಲಿಗೇ ಒಂದು ಮೀಟರ್ ಬೇಕು. ಹಾಗಾಗಿ ಕಾರಿನವನು ವೇಗ ಇಳಿಸಲೇಬೇಕು, ಇಬ್ಬರಲ್ಲಿ ಒಬ್ಬರು ಅಂಚಿಗೆ ಸರಿದು ನಿಲ್ಲಬೇಕು, ಮುಖ ಮುಖ ನೋಡಬೇಕು. ಹಳ್ಳಿಯಲ್ಲಿ ಮುಖ ನೋಡಿದರೆ ಗುರುತು ಸಿಗುತ್ತದೆ, ಮಾತು ಬರುತ್ತದೆ, ವೇಗ ತಾನಾಗಿ ಇಳಿಯುತ್ತದೆ. ಅದೇ ರಸ್ತೆಯನ್ನು ಐದೂವರೆ ಮೀಟರಿಗೆ ಅಗಲ ಮಾಡಿದರೆ ಕಾರಿನವನಿಗೆ ನಿಲ್ಲುವ ಅಗತ್ಯ ಕಾಣುವುದಿಲ್ಲ. ಗಂಟೆಗೆ 30 ಕಿಲೋಮೀಟರಿನಲ್ಲಿ ಹೋಗುತ್ತಿದ್ದವನು 60ರಲ್ಲಿ ಹೋಗುತ್ತಾನೆ. ವೇಗ ಎರಡು ಪಟ್ಟಾದರೆ ಹೊಡೆತದ ಬಲ ನಾಲ್ಕು ಪಟ್ಟು. ಅಗಲ ಮಾಡಿದ ರಸ್ತೆ ಸೈಕಲ್ಲಿಗೆ ಹೆಚ್ಚು ಜಾಗ ಕೊಡುತ್ತದೆಂಬ ಎಣಿಕೆ ಇದರಿಂದಾಗಿ ಹುಸಿಯಾಗುತ್ತದೆ. ಕಾಂಕ್ರೀಟು ರಸ್ತೆಯ ತೊಂದರೆ ಬೇರೆ ಬಗೆಯದು. ಅದರ ಅಂಚು ಪಕ್ಕದ ಮಣ್ಣಿಗಿಂತ ಅರ್ಧ ಅಡಿ ಎತ್ತರದಲ್ಲಿದ್ದು, ಬದಿಗೆ ಮಣ್ಣು ತುಂಬದೆ ಬಿಟ್ಟರೆ ಎದುರು ಜೀಪು ಬಂದಾಗ ಇಳಿಯುವುದೂ ಕಷ್ಟ, ಇಳಿದರೆ ಹತ್ತುವುದೂ ಕಷ್ಟ. ಕಾಂಕ್ರೀಟು ಹಾಕಿದವರು ಇನ್ನೆರಡು ಲೋಡು ಕೆಂಪು ಮಣ್ಣು ಹಾಕಿದ್ದರೆ ಮುಗಿಯುತ್ತಿತ್ತು.

ಇಲ್ಲಿ ಸೈಕಲ್ಲು ಏಕೆ ಬಯಲುಸೀಮೆಯಷ್ಟು ಬೆಳೆಯಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಗುಡ್ಡ ಎಂಬುದು ಸುಲಭದ ಉತ್ತರ. ಸರಿಯಾದ ಉತ್ತರ ಹಲ್ಲುಚಕ್ರದಲ್ಲಿದೆ. ನಮ್ಮ ಊರಿನ ಸಾದಾ ಕಪ್ಪು ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಮುಂದೆ 44 ಹಲ್ಲು, ಹಿಂದೆ 18. ಪೆಡಲು ಒಂದು ಸುತ್ತು ಬಂದರೆ ಸೈಕಲ್ಲು ಸುಮಾರು ಐದೂವರೆ ಮೀಟರ್ ಮುಂದೆ ಹೋಗುತ್ತದೆ. ಸಮನೆಲದಲ್ಲಿ ಇದು ಹದವಾದ ಲೆಕ್ಕ. ಹತ್ತಕ್ಕೆ ಒಂದರಂತೆ ಏರುವ ದಾರಿಯಲ್ಲಿ ಅದೇ ಒಂದು ಸುತ್ತಿಗೆ ಸವಾರ ತನ್ನನ್ನೂ ಸೈಕಲ್ಲನ್ನೂ ಅರ್ಧ ಮೀಟರಿಗಿಂತ ಹೆಚ್ಚು ಎತ್ತಬೇಕು, ಅಂದರೆ ಮೆಟ್ಟಲಿನಲ್ಲಿ ಮೂರು ಮೆಟ್ಟಲು ಒಟ್ಟಿಗೆ ಹಾರಿದಂತೆ, ಅದೂ ಸುತ್ತು ಸುತ್ತಿಗೂ. ಬೆನ್ನ ಮೇಲೆ ಪುಸ್ತಕದ ಚೀಲವಿರುವ ಹದಿಮೂರರ ಮಗುವಿಗೆ ಇದು ಆಗುವ ಮಾತಲ್ಲ. ಮುಂದೆ 28, ಹಿಂದೆ 32 ಹಲ್ಲಿರುವ ಗೇರಿನ ಸೈಕಲ್ಲಿನಲ್ಲಿ ಒಂದು ಸುತ್ತಿಗೆ ಎರಡು ಮೀಟರಿಗೂ ಕಡಿಮೆ ದೂರ, ಆದ್ದರಿಂದ ಒಂದೇ ಮೆಟ್ಟಲಿನಷ್ಟು ಏರು. ಗುಡ್ಡ ಅದೇ, ಕಾಲು ಅದೇ. 2006–07ರಲ್ಲಿ ರಾಜ್ಯ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ತೊಡಗಿದಾಗ ಮಂಡ್ಯದ ಬಯಲಿಗೂ ಸುಳ್ಯದ ಗುಡ್ಡಕ್ಕೂ ಒಂದೇ ಬಗೆಯ ಗೇರಿಲ್ಲದ ಸೈಕಲ್ಲು ಬಂತು. ಈ ಕಡೆಯ ಮಕ್ಕಳು ಶಾಲೆಗೆ ಇಳಿಯುವಾಗ ಸವಾರರು, ಮನೆಗೆ ಏರುವಾಗ ಸೈಕಲ್ಲು ನೂಕುವವರು.

ಆದರೂ ಸೈಕಲ್ಲಿನ ನೆನಪು ಇಲ್ಲಿ ಇಲ್ಲದಿಲ್ಲ. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸೈಕಲ್ಲು ಕೊಡುವ ಅಂಗಡಿಗಳು ಪೇಟೆ ಪೇಟೆಗಳಲ್ಲಿದ್ದವು. ಅಂಚೆಯವರದ್ದು ಸೈಕಲ್ಲು, ಹಿಂದೆ ಪೆಟ್ಟಿಗೆ ಕಟ್ಟಿ ಹಾರನ್ನು ಹಿಂಡುತ್ತಾ ಬರುವ ಮೀನಿನವರದ್ದು ಸೈಕಲ್ಲು. ಮೀನಿನವರಿಗೆ ಮುಂದೆ ಬಜಾಜ್ ಎಂ80 ಒದಗಿತು. ಹಾರನ್ನು ಮಾತ್ರ ಬದಲಾಗಲಿಲ್ಲ.

ಈ ಸೀಮೆ ಜಗತ್ತಿಗೆ ತೋರಿಸಬಹುದಾದ ಒಂದು ವಿಶೇಷ ಸುಳ್ಯದಲ್ಲಿದೆ. 1989ರಲ್ಲಿ ಪಯಸ್ವಿನಿ ನದಿಗೆ ಅರಂಬೂರಿನಲ್ಲಿ ಎಂಜಿನಿಯರ್ ಗಿರೀಶ್ ಭಾರದ್ವಾಜರು ಒಂದು ತೂಗುಸೇತುವೆ ಕಟ್ಟಿದರು. ಅಲ್ಲಿಂದ ಮುಂದೆ ಕರ್ನಾಟಕದಲ್ಲೂ ಹೊರ ರಾಜ್ಯಗಳಲ್ಲೂ ನೂರಕ್ಕೂ ಹೆಚ್ಚು ತೂಗುಸೇತುವೆಗಳನ್ನು ಕಟ್ಟಿ 2017ರಲ್ಲಿ ಪದ್ಮಶ್ರೀ ಪಡೆದರು. ಮಳೆಗಾಲದಲ್ಲಿ ಹೊಳೆ ದಾಟಲಾರದೆ ಕೂತ ಊರುಗಳನ್ನು ಕಡಿಮೆ ಖರ್ಚಿನಲ್ಲಿ ಹೊರಲೋಕಕ್ಕೆ ಸೇರಿಸಬೇಕೆಂಬುದು ಅವರ ಗುರಿ. ಇದರಲ್ಲಿ ಅಡಗಿದ ಇನ್ನೊಂದು ಲಾಭವನ್ನು ಯಾರೂ ಅಷ್ಟಾಗಿ ಗಮನಿಸಿದಂತಿಲ್ಲ. ತೂಗುಸೇತುವೆಯ ಮೇಲೆ ನಡೆಯುವವರು ಹೋಗಬಹುದು, ಸೈಕಲ್ಲು ಹೋಗಬಹುದು, ಕಾರು ಹೋಗಲಾರದು. ಹಾಗಾಗಿ ಸೇತುವೆಯ ಎರಡೂ ಬದಿಯ ದಾರಿಗಳಿಗೆ ಹತ್ತಿರದ ಹಾದಿಯ ಅನುಕೂಲ ಬಂತು, ಹಾದುಹೋಗುವ ವಾಹನಗಳ ಕಾಟ ಬರಲಿಲ್ಲ. ಯುರೋಪಿನ ನಗರಗಳಲ್ಲಿ ಈಗ ರಸ್ತೆಗೆ ಅಡ್ಡಲಾಗಿ ಗೂಟ, ಹೂಕುಂಡ ಇಟ್ಟು ಕಾರನ್ನು ತಡೆದು ಸೈಕಲ್ಲನ್ನು ಬಿಡುವ ವ್ಯವಸ್ಥೆ ಮಾಡುತ್ತಿದ್ದಾರಲ್ಲ, ಅದನ್ನೇ ಇಲ್ಲಿ ಹಗ್ಗ, ಹಲಗೆಗಳು ಮಾಡಿದವು. ತೋಟಗಳ ನಡುವಿನ ತಡಮೆಗಳು ಹಿಂದಿನಿಂದ ಮಾಡಿಕೊಂಡು ಬಂದದ್ದೂ ಇದನ್ನೇ. ಮನುಷ್ಯ ದಾಟಬೇಕು, ದನ ದಾಟಬಾರದು.

ತೂಗುಸೇತುವೆ ಇದ್ದಲ್ಲಿ ಕಾಂಕ್ರೀಟು ಸೇತುವೆ ಬೇಕೆಂಬ ಬೇಡಿಕೆ ಬರುವುದು ಸಹಜ. ಹೆರಿಗೆಯ ನೋವು ಬಂದವಳನ್ನು ಆಸ್ಪತ್ರೆಗೆ ಸಾಗಿಸಲು ಸೈಕಲ್ಲು ಸಾಲದು. ಅಡಿಕೆ, ರಬ್ಬರು ಪೇಟೆಗೆ ಹೋಗಬೇಕು, ಗೊಬ್ಬರ ತೋಟಕ್ಕೆ ಬರಬೇಕು. ಶಾಂತಿಮೊಗರಿನಲ್ಲಿ ಕುಮಾರಧಾರೆಗೆ ಸೇತುವೆಯಾದ ಮೇಲೆ ಆಲಂಕಾರು ಕಡೆಯವರಿಗೂ ಸವಣೂರು ಕಡೆಯವರಿಗೂ ಆದ ಉಪಕಾರವನ್ನು ಅಲ್ಲಿನವರೇ ಹೇಳಬೇಕು. ಪೇಟೆಯಿಂದ ಭಾನುವಾರ ಬೆಳಗ್ಗೆ ಬೆಲೆಬಾಳುವ ಸೈಕಲ್ಲಿನಲ್ಲಿ ಬಂದು, ಈ ದಾರಿ ಹೀಗೆಯೇ ಕಿರಿದಾಗಿ ಇರಲಿ ಎಂದು ಹಾರೈಸಿ ಹೋಗುವವರಿಗೆ ಆ ದಾರಿಯ ಕೊನೆಯ ಮನೆಯವರು ನಲ್ವತ್ತು ವರ್ಷ ರಸ್ತೆಗಾಗಿ ಅರ್ಜಿ ಹಿಡಿದು ಅಲೆದದ್ದು ಗೊತ್ತಿರುವುದಿಲ್ಲ. ಒಬ್ಬರಿಗೆ ಮೌನವಾದದ್ದು ಇನ್ನೊಬ್ಬರಿಗೆ ಉಪೇಕ್ಷೆಯಾಗಿರಬಹುದು. ಆದರೆ ಮನೆಗೆ ವಾಹನ ಬರಬೇಕೆಂಬುದು ಒಂದು, ಮನೆಯ ಮುಂದಿನಿಂದ ಊರಿನ ವಾಹನವೆಲ್ಲ ಹಾದುಹೋಗಬೇಕೆಂಬುದು ಇನ್ನೊಂದು. ಮೊದಲನೆಯದಕ್ಕೆ ಮೂರು ಮೀಟರಿನ ಒಳ್ಳೆಯ ರಸ್ತೆ, ಎದುರುಬದುರು ದಾಟಲು ಅಲ್ಲಲ್ಲಿ ಅಗಲ ಜಾಗ, ಬದಿಗೆ ಚರಂಡಿ ಸಾಕು. ಐದೂವರೆ ಮೀಟರು ಕೇಳುವುದು ಎರಡನೆಯದು. ಗ್ರಾಮಸಭೆಯಲ್ಲಿ ಬರುವ ಅರ್ಜಿಗಳಲ್ಲಿ ಈ ವ್ಯತ್ಯಾಸ ಕಾಣುವುದು ಅಪರೂಪ, 'ರಸ್ತೆ ಅಗಲೀಕರಣ' ಎಂಬ ಒಂದೇ ಮಾತಿನಲ್ಲಿ ಎರಡೂ ಸೇರಿಹೋಗುತ್ತವೆ.

ಲೆಕ್ಕ ಹಾಕುವವರ ಕೋಷ್ಟಕವೂ ಸೈಕಲ್ಲಿನ ಪರ ಇಲ್ಲ. ವಾಹನ ಗಣತಿ ಮಾಡುವಾಗ ಎಲ್ಲವನ್ನೂ ಕಾರಿನ ಅಳತೆಗೆ ತರುವ ಪದ್ಧತಿ ಇದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 1990ರ ಕೋಷ್ಟಕದಲ್ಲಿ ಕಾರಿಗೆ ಒಂದು, ಬಸ್ಸು ಲಾರಿಗೆ ಮೂರು, ಸೈಕಲ್ಲಿಗೆ ಅರ್ಧ. ಎತ್ತಿನ ಗಾಡಿಗೆ ಎಂಟು! ಉಪಯೋಗದ ಲೆಕ್ಕ ಇದಲ್ಲ, ಅಡ್ಡಿಯ ಲೆಕ್ಕ. ಎಂಟು ಕಾರಿನಷ್ಟು ಅಡ್ಡಿ ಒಂದು ಎತ್ತಿನ ಗಾಡಿ. ಹತ್ತು ಮಕ್ಕಳು ಸೈಕಲ್ಲಿನಲ್ಲಿ ಶಾಲೆಗೆ ಹೋದರೆ ಕೋಷ್ಟಕಕ್ಕೆ ಅದು ಐದು ಕಾರು ಅಡ್ಡ ಬಂದಂತೆ ಕಾಣುತ್ತದೆ.

ಇಷ್ಟಾಗಿಯೂ ಈ ದಾರಿಗಳು ಇನ್ನೂ ಇವೆ. ಹೋಗಬಯಸುವವರು ಮಳೆ ಪೂರ್ತಿ ಬಿಟ್ಟ ಮೇಲೆ, ದೀಪಾವಳಿ ಕಳೆದು ಫೆಬ್ರವರಿ ತಿಂಗಳವರೆಗೆ ಹೋಗುವುದು ಒಳ್ಳೆಯದು. ಅಕ್ಟೋಬರಿನಲ್ಲಿ ದರೆಯ ನೆರಳಿರುವ ಕಡೆಗಳಲ್ಲಿ ಪಾಚಿ ಒಣಗಿರುವುದಿಲ್ಲ. ತಿರುವಿನಲ್ಲಿ ಚಕ್ರ ಜಾರುತ್ತದೆ. ಏಪ್ರಿಲಿನ ಸೆಕೆಯಲ್ಲಿ ಗುಡ್ಡ ಹತ್ತುವುದು ಜಾಣತನವಲ್ಲ. ಸುಬ್ರಹ್ಮಣ್ಯದ ಚಂಪಾಷಷ್ಠಿಯ ದಿನಗಳಲ್ಲಿ ಕಾಣಿಯೂರು, ಪಂಜದ ರಸ್ತೆಯನ್ನು ಯಾತ್ರಿಕರಿಗೇ ಬಿಡಬೇಕು. ಕಡಬದಿಂದ ಮೂಡಣಕ್ಕೆ, ಕಾಡಿನಂಚಿನ ಊರುಗಳಲ್ಲಿ ಬೆಳಗಿನ ಜಾವದ ಸವಾರಿ ಬೇಡ. ಸದ್ದಿಲ್ಲದ ದಾರಿಯನ್ನು ಆನೆಗಳೂ ಇಷ್ಟಪಡುತ್ತವೆ. 2023ರ ಫೆಬ್ರವರಿಯಲ್ಲಿ ಆ ಭಾಗದಲ್ಲಿ ಬೆಳಗಿನ ಹೊತ್ತು ಆನೆ ಇಬ್ಬರನ್ನು ಕೊಂದಿತ್ತು.

ನಕ್ಷೆಯನ್ನು ಪೂರ್ತಿ ನಂಬುವಂತಿಲ್ಲ. ಫೋನಿನಲ್ಲಿ ರಸ್ತೆಯೆಂದು ಕಾಣುವುದು ಯಾರದೋ ಅಂಗಳದಲ್ಲಿ ಮುಗಿಯುತ್ತದೆ, ಕಾಣದೇ ಇದ್ದದ್ದು ಮುಂದಿನ ಊರಿಗೆ ಕರೆದೊಯ್ಯುತ್ತದೆ. 1940ರಲ್ಲಿ ಜರ್ಮನ್ ಸೈನ್ಯ ಇಳಿದೀತೆಂಬ ಭಯದಿಂದ ಇಂಗ್ಲೆಂಡಿನಲ್ಲಿ ಹಳ್ಳಿ ಹಳ್ಳಿಯ ಕೈಕಂಬಗಳನ್ನು ಕಿತ್ತುಹಾಕಿದ್ದರು. ಆ ದೇಶದವರೇ ತಮ್ಮ ಓಣಿಗಳಲ್ಲಿ ದಾರಿ ತಪ್ಪಿ ಅಲೆದರು. ಇಲ್ಲಿ ಕೀಳಲು ಕೈಕಂಬ ಇದ್ದದ್ದೇ ಕಡಿಮೆ. ಕವಲಿನಲ್ಲಿ ನಿಂತು ಕೇಳಬೇಕು. ತೋಟದಿಂದ ಮೇಲೆ ಬಂದವರು ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸೈಕಲ್ಲಿನ ಗೇರುಗಳನ್ನು ಒಮ್ಮೆ ನೋಡಿ, ಎಲ್ಲಿಂದ ಬಂದದ್ದು, ಯಾರ ಮನೆಗೆ ಎಂದು ವಿಚಾರಿಸಿಯೇ ದಾರಿ ಹೇಳುತ್ತಾರೆ. ಎಡಕ್ಕೆ ಹೋಗಿ, ಹತ್ತಿರವೇ, ಒಂದು ಸಣ್ಣ ಏರು ಇದೆ ಎನ್ನುತ್ತಾರೆ. ಅವರ ಸಣ್ಣ ಏರಿಗೆ ಕೆಳಗಿನ ಗೇರೇ ಬೇಕಾಗುತ್ತದೆ.